ಹೆಸರು ನಡುವಿಗೆ ಬರಲಿ

"ಹಲೋ… ಹಾಂ, ಹಲೋ. ಯಾರು ಮಾತಾಡೋದು?"

ಗುರುತಿಲ್ಲದ ನಂಬರು. ಎತ್ತದೆ ಬಿಡಬಹುದಿತ್ತು. ಆದರೆ ರಕ್ಷಾಗೆ ಈಚೆಗೆ ಎತ್ತುವುದೂ ಒಂದೇ ಬಿಡುವುದೂ ಒಂದೇ ಆಗಿತ್ತು. ಬೆರಳು ತಾನಾಗಿ ಹಸಿರು ಗುಂಡಿಯ ಮೇಲೆ ಹೋಗಿತ್ತು. ಶನಿವಾರದ ಮಧ್ಯಾಹ್ನ, ಚನ್ನಗಿರಿಯ ಡಿಗ್ರಿ ಕಾಲೇಜಿನ ಹಿಂಬದಿ, ಗಣಿತದ ಕೋಣೆಯ ಮುಂದಿನ ಮೆಟ್ಟಿಲ ಮೇಲೆ ಅವಳು ಕಾಲು ಮಡಚಿ ಕೂತಿದ್ದಳು. ಒಂದು ಕ್ಲಾಸು ಮುಗಿದು ಇನ್ನೊಂದು ಶುರುವಾಗುವ ನಡುವಿನ ಹೊತ್ತು. ಫೋನಿನ ಆ ಕಡೆಯ ಮಾತು ನಮಗೆ ಕೇಳುವಂತಿಲ್ಲ. ಈ ಕಡೆಯದನ್ನು ಕೇಳಿಕೊಂಡೇ ಉಳಿದದ್ದನ್ನು ಊಹಿಸಿಕೊಳ್ಳಬೇಕು. ಅದೇನು ಗಣಿತದಷ್ಟು ಕಷ್ಟದ ಕೆಲಸವಲ್ಲ.

"ಯಾವ ಮಹೇಶ್ವರಪ್ಪ?… ಪ್ರೆಸ್ಸಾ? ಜಗಳೂರು ಪ್ರೆಸ್ಸಾ?… ಹಾಂ, ಹೇಳ್ರಿ ಅಂಕಲ್. ಹೌದು, ಧರ್ಮಪ್ಪನ ಮಗಳೇ. ಸೊಕ್ಕೆ ಧರ್ಮಪ್ಪ. ಪಂಚಾಯ್ತಿಯಾಗೆ ನೀರು ಬಿಡ್ತಾರಲ್ಲ, ಅವ್ರೇ."

"…ಹೌದ್ರಿ, ನಂದೇ ಮದುವಿ ಕಾರ್ಡು… ಪ್ರೂಫಾ? ವಾಟ್ಸಾಪಿಗೆ ಹಾಕ್ರಿ, ನೋಡ್ತೀನಿ… ನೆಟ್ ಇಲ್ವಾ?… ಸರಿ, ನೀವೇ ಓದ್ರಿ. ಕೇಳಿಸ್ಕಂತೀನಿ."

"…ಇಲ್ಲ್ರಿ, ಮ್ಯಾಲೆ ಗಣೇಶನ ಚಿತ್ರ ಬ್ಯಾಡ. ಬುದ್ಧಂದು ಹಾಕ್ರಿ, ಪಕ್ಕಕ್ಕೆ ಬಾಬಾಸಾಹೇಬರದು. ಅಪ್ಪ ಹೇಳಿರ್ಬೇಕಲ್ಲ… ಹೇಳ್ಯಾರಾ? ಕಂಪ್ಯೂಟರಿನಾಗೆ ಹಳೇ ಕಾರ್ಡೇ ಉಳಿದಿತ್ತಾ… ಇರ್ಲಿ ಬಿಡ್ರಿ, ತೆಗದ್ರೆ ಆತು. ಚಿ ಕುಂ ಸೌ ಅಂತ ಐತಾ? ಅದನ್ನೂ ತೆಗೀರಿ. ಆಯುಷ್ಮತಿ ಅಂತ ಹಾಕ್ರಿ. ಹಾಂ, ಅವ್ರಿಗೆ ಆಯುಷ್ಮಾನ್… ಮುಹೂರ್ತ ಗಿಹೂರ್ತ ಇಲ್ಲ ಅಂಕಲ್, ಬರೀ ಟೈಮ್ ಹಾಕ್ರಿ. ಹನ್ನೊಂದೂವರೆ."

ಯಾರದೋ ಪಕ್ಕದ ಮನೆಯವರ ಕಾರ್ಡು ತಿದ್ದುವವಳ ಹಾಗೆ ಹೇಳುತ್ತಿದ್ದಳು. ಬಹಳ ಹೊತ್ತು ಕಾಲು ಮಡಚಿ ಕೂತರೆ ಜೋಮು ಹಿಡಿಯುತ್ತದಲ್ಲ, ಅಂಥ ಜೋಮು ಅವಳ ಮನಸ್ಸಿಗೇ ಹಿಡಿದು ತಿಂಗಳುಗಳಾಗಿದ್ದವು. ಹುಡುಗ ನೋಡಲು ಬಂದಾಗಲೂ ಅಷ್ಟೇ, ಸೀರೆ ತರಲು ಹೋದಾಗಲೂ ಅಷ್ಟೇ. ಕೇಳಿದ್ದಕ್ಕೆಲ್ಲ ಹೂಂ ಅಂದಿದ್ದಳು. ಹುಡುಗಿ ಎಷ್ಟು ಸಾಧು ಎಂದು ಎಲ್ಲರೂ ಹೊಗಳಿದ್ದರು.

"ಹೂಂ… ಆಯುಷ್ಮಾನ್ ಭೀಮೇಶ್, ಎಂ.ಎ., ಬಿ.ಎಡ್. ಸರಿ ಐತೆ. ಗೋವಿನಕೋವಿ, ನ್ಯಾಮತಿ ತಾಲ್ಲೂಕು. ಹೂಂ… ಆಯುಷ್ಮತಿ ರಕ್ಷಾ…"

"…ಇಲ್ಲ, ಲೈನ್ ಐತ್ರಿ. ಕೇಳಿಸ್ತು. ಬಿ.ಎಸ್ಸಿ. ಅಂದ್ರಿ. ಕೇಳಿಸ್ತು."

ನಮ್ಮ ಕಡೆ ಮದುವೆ ಕಾರ್ಡಿನಲ್ಲಿ ಹೆಸರು ಒಂಟಿಯಾಗಿ ನಿಲ್ಲುವುದಿಲ್ಲ. ಮದುಮಗ ಏನು ಓದಿದ್ದಾನೆ, ಮದುಮಗಳು ಏನು ಓದಿದ್ದಾಳೆ, ಸ್ವಾಗತ ಕೋರುವ ಚಿಕ್ಕಪ್ಪಂದಿರಲ್ಲಿ ಯಾರು ಐ.ಟಿ.ಐ., ಯಾರು ಡಿಪ್ಲೊಮಾ, ಎಲ್ಲವೂ ಹೆಸರಿನ ಬಾಲ ಹಿಡಿದು ಬರಲೇಬೇಕು. ಕಾರ್ಡು ಕೈಗೆ ಬಂದವರು ಊಟದ ಹೊತ್ತು ನೋಡುವುದಕ್ಕಿಂತ ಮುಂಚೆ ನೋಡುವುದು ಅದನ್ನೇ. ಧರ್ಮಪ್ಪನಂಥ ಅಪ್ಪನಿಗಂತೂ ಮಗಳ ಹೆಸರಿನ ಮುಂದಿನ ಆ ಮೂರು ಅಕ್ಷರ ಚಿನ್ನಕ್ಕಿಂತ ಹೆಚ್ಚು. ಅವರ ಕೇರಿಯಲ್ಲಿ ಸೈನ್ಸ್ ಓದಿದ ಮೊದಲ ಹುಡುಗಿ ಅವಳು.

ಓದಿದ್ದು ನಿಜ. ಪಾಸಾಗಿರಲಿಲ್ಲ. ಮೂರು ವರ್ಷದ ಎಲ್ಲ ಪೇಪರುಗಳೂ ಒಂದೊಂದಾಗಿ ದಾಟಿಕೊಂಡು ಬಂದವು. ಮೊದಲ ಸೆಮಿಸ್ಟರಿನ ಕ್ಯಾಲ್ಕುಲಸ್ ಒಂದು ಮಾತ್ರ ಅಲ್ಲೇ ಕೂತಿತ್ತು. ಹತ್ತನೇ ತರಗತಿಯವರೆಗೆ ಕನ್ನಡದಲ್ಲಿ ಲೆಕ್ಕ ಮಾಡಿ, ಇಂಗ್ಲಿಷಿನ ಪಿಯುಸಿಯನ್ನು ಬಾಯಿಪಾಠದಲ್ಲೇ ದಾಟಿದ ಹುಡುಗಿ, ಡಿಗ್ರಿಗೆ ಬಂದ ಮೊದಲ ವಾರ ಬೋರ್ಡಿನ ಮೇಲೆ ಏನು ನಡೆಯುತ್ತಿದೆ ಎಂದೇ ತಿಳಿಯದೆ ಕೂತಿದ್ದಳು. ಕೇಳಲು ನಾಚಿಕೆ. ಆ ವಾರ ತಪ್ಪಿದ್ದು ಆಮೇಲೆ ಸಿಗಲೇ ಇಲ್ಲ. ಈಗ ಆ ಪಾಠವನ್ನು ಮತ್ತೆ ಮೊದಲಿನಿಂದ ಕೇಳುತ್ತಿದ್ದಾಳೆ. ಗಣಿತದ ಪ್ರಮೀಳಾ ಮೇಡಂ, ಹಿಂದಿನ ಬೆಂಚಿನಲ್ಲಿ ಬಂದು ಕೂತುಕೋ, ಯಾರೂ ಏನೂ ಅನ್ನುವುದಿಲ್ಲ ಎಂದಿದ್ದರು. ಈಗಷ್ಟೇ ಪಿಯುಸಿ ಮುಗಿಸಿ ಬಂದ ಮಕ್ಕಳು ಅವಳನ್ನು ಅಕ್ಕಾ ಅನ್ನುತ್ತಾರೆ. ಒಂದಿಬ್ಬರು ಮೊದಲ ದಿನ ಅವಳನ್ನೇ ಮೇಡಂ ಅಂದುಕೊಂಡು ಎದ್ದು ನಿಂತಿದ್ದರು.

"ಅಂಕಲ್, ಒಂದು ಮಾತು… ಆ ಬಿ.ಎಸ್ಸಿ. ತೆಗಿಯಾಕೆ ಬರ್ತೈತಾ?"

"…ತಪ್ಪೇನಿಲ್ಲ್ರಿ. ಚುಕ್ಕಿ ಗಿಕ್ಕಿ ಎಲ್ಲ ಸರಿ ಐತೆ. ಅದನ್ನ ತೆಗದ್ಬಿಡ್ರಿ ಅಷ್ಟೇ. ಬರೀ ರಕ್ಷಾ ಅಂತ ಇರ್ಲಿ… ಯಾಕೆ ಅಂದ್ರೆ… ಸುಮ್ನೆ."

"…ಅಪ್ಪ ಬರ್ಕೊಟ್ಟಿದ್ದಾ. ಗೊತ್ತು… ಹಾಂ, ಅವರ್ನ ಕೇಳ್ದೆ ತೆಗಿಯಂಗಿಲ್ಲ ಅಂತೀರಾ. ಅದೂ ಸರೀನೇ… ಫೋಟೋನಾ? ಯಾವ ಫೋಟೋ?… ಗೋಡೀದಾ? ಅಪ್ಪ ಗ್ವಾಡಿಯಿಂದ ತೆಗೆದು ತಂದು ಕೊಟ್ರಾ? ಫ್ಲೆಕ್ಸಿಗೆ… ಕಲ್ಯಾಣ ಮಂಟಪದ ಬಾಗಿಲಿಗೆ. ಹೂಂ."

ಆ ಫೋಟೋದ ಕತೆಯನ್ನು ಇಲ್ಲಿ ಹೇಳಿಬಿಡುವುದು ಒಳ್ಳೆಯದು. ಕೊನೆಯ ವರ್ಷದ ಬೀಳ್ಕೊಡುಗೆಯ ದಿನ ಹುಡುಗ ಹುಡುಗಿಯರೆಲ್ಲ ಸೇರಿ ಕರಿ ಗೌನು, ಚೌಕದ ಟೋಪಿ ಬಾಡಿಗೆಗೆ ತರಿಸಿದ್ದರು. ಪಾಸಾದವರು, ಆಗದವರು, ರಿಸಲ್ಟಿಗೆ ಕಾಯುತ್ತಿದ್ದವರು ಎಲ್ಲರೂ ಸರದಿಯಲ್ಲಿ ಹಾಕಿಕೊಂಡು ಫೋಟೋ ತೆಗೆಸಿಕೊಂಡರು. ಸಾಯಂಕಾಲ ಗೌನುಗಳನ್ನು ಮಡಚಿ ಚೀಲಕ್ಕೆ ತುಂಬಿ ವಾಪಸ್ಸು ಕಳಿಸಿದರು. ಮಗಳನ್ನು ಕರೆದುಕೊಂಡು ಹೋಗಲು ಬಂದಿದ್ದ ಧರ್ಮಪ್ಪ ಗೇಟಿನ ಬಳಿ ನಿಂತು ಅವಳನ್ನು ಆ ವೇಷದಲ್ಲಿ ಕಂಡ. ಅವರ ಮನೆಯ ಪಡಸಾಲೆಯಲ್ಲಿ ಬಾಬಾಸಾಹೇಬರದೊಂದು ಚಿತ್ರವಿದೆ, ಗೌನು ಹಾಕಿಕೊಂಡದ್ದು. ಅದೇ ಗೌನು. ಧರ್ಮಪ್ಪ ಏನನ್ನೂ ಕೇಳಲಿಲ್ಲ. ಕೇಳುವುದೇನಿದೆ, ಕಣ್ಣಿಗೇ ಕಾಣುತ್ತಿತ್ತಲ್ಲ. ಫೋಟೋಗ್ರಾಫರನಿಂದ ದೊಡ್ಡದೊಂದು ಪ್ರತಿ ತೆಗೆದುಕೊಂಡು, ಕಟ್ಟು ಹಾಕಿಸಿ, ಆ ಚಿತ್ರದ ಪಕ್ಕಕ್ಕೇ ತೂಗುಹಾಕಿದ. ಹುಡುಗಿ ನೋಡಲು ಬಂದವರಿಗೆ ಮೊದಲು ಕಂಡದ್ದು ಗೋಡೆಯ ಮೇಲಿನ ರಕ್ಷಾ. ಚಹಾ ತಂದ ರಕ್ಷಾ ಆಮೇಲೆ ಬಂದಳು.

ಅವಳು ಬಾಯಿಬಿಟ್ಟು ಸುಳ್ಳು ಹೇಳಿರಲಿಲ್ಲ. ಕ್ಲಾಸಿದೆ ಎಂದು ಚನ್ನಗಿರಿಯ ದೊಡ್ಡಮ್ಮನ ಮನೆಯಲ್ಲಿ ಉಳಿದಿದ್ದಳು. ಕ್ಲಾಸು ಇದ್ದದ್ದು ನಿಜ. ಅಪ್ಪ, ಮಗಳು ಡಿಗ್ರಿಯ ಮುಂದಿನದನ್ನು ಓದುತ್ತಿದ್ದಾಳೆ ಎಂದುಕೊಂಡ. ಫೋನಿನಲ್ಲಿ ಅವಳು ಪಾಸಾಗದ ಮಾತು ತೆಗೆಯಹೋದಾಗಲೆಲ್ಲ ಸೊಕ್ಕೆಯ ಟವರು ಕೈಕೊಟ್ಟು ಲೈನು ಕಡಿದುಹೋಗುತ್ತಿತ್ತು. ಅವಳು ಒಮ್ಮೆಯೂ ತಿರುಗಿ ಫೋನು ಮಾಡಿದವಳಲ್ಲ.

"ಏನಂದ್ರಿ ಅಂಕಲ್?… ಹಾಂ, ಚೆನ್ನಾಗೇ ಐತೆ ಫೋಟೋ. ಎಲ್ಲರೂ ಅಂತಾರೆ."

"…ಏನು ಓದ್ತಿದೀನಾ? ಕ್ಯಾಲ್ಕುಲಸ್ ಅಂತ. ಗಣಿತದಾಗೆ ಅದೊಂದು… ಅಂದ್ರೆ ಹೆಂಗ್ ಹೇಳ್ಲಿ. ನಮ್ಮಪ್ಪ ಟ್ಯಾಂಕಿಗೆ ನೀರು ಬಿಡ್ತಾರಲ್ಲ, ತುಂಬಾಕೆ ಎಷ್ಟು ಹೊತ್ತು ಅನ್ನೋದು ಸಣ್ಣ ಹುಡುಗರ ಲೆಕ್ಕ. ಈಗ, ಈ ಗಳಿಗೀಗೆ, ನೀರು ಎಷ್ಟು ಬಿರುಸಾಗಿ ಏರ್ತೈತೆ ಅಂತ ಕೇಳೋದು ಈ ಲೆಕ್ಕ. ಬದಲಾಗೋದರ ಲೆಕ್ಕ… ಬದಲಾಗ್ದೇ ಇರೋದಕ್ಕಾ? ಅದಕ್ಕೆ ಉತ್ತರ ಸೊನ್ನೆ ಅಂಕಲ್. ನೀರು ಎಷ್ಟಿದ್ರೂ ಅಷ್ಟೇ. ಅಲ್ಲಾಡ್ಲಿಲ್ಲ ಅಂದ್ರೆ ಸೊನ್ನೆ."

ಮೊದಲ ವರ್ಷದಲ್ಲಿ ಇದನ್ನು ಇಷ್ಟು ಸಲೀಸಾಗಿ ಹೇಳಲು ಬಂದಿದ್ದರೆ ಇವತ್ತು ಈ ಮೆಟ್ಟಿಲ ಮೇಲೆ ಕೂರುವ ಪಾಡು ಇರುತ್ತಿರಲಿಲ್ಲ. ಕಿವಿಯಲ್ಲಿ ಕುಂಯ್ ಕುಂಯ್ ಅಂದಿತು. ಫೋನು ಕಿವಿಯಿಂದ ತೆಗೆದು ನೋಡಿದಳು. ಇನ್ನೊಂದು ಕರೆ ಕಾಯುತ್ತಿತ್ತು. ಅಪ್ಪ.

"…ಇಲ್ಲ, ಹೇಳ್ರಿ. ಯಾರೋ ಮಾಡ್ತಿದ್ರು, ಆಮೇಲೆ ಮಾಡ್ತೀನಿ… ಯಾರು ಬಂದಾರೆ? ಪ್ರೆಸ್ಸಿಗಾ? ಈಗಾ?… ಇಲ್ಲ ಇಲ್ಲ, ಅವ್ರಿಗೆ ಕೊಡಬ್ಯಾಡ್ರಿ ಅಂಕಲ್. ನಾನು ಆಮೇಲೆ… ಅಂಕಲ್…"

"…ಹಲೋ. ಹಾಂ. ನಮಸ್ಕಾರ ಸರ್."

ಭೀಮೇಶನ ಊರು ಗೋವಿನಕೋವಿಯಾದರೂ ಅವನು ಮೇಷ್ಟ್ರಾಗಿರುವುದು ಜಗಳೂರು ಕಡೆಯ ಬಿಳಿಚೋಡಿನ ಹೈಸ್ಕೂಲಿನಲ್ಲಿ. ಶನಿವಾರ ಬೆಳಗಿನ ಶಾಲೆ ಮುಗಿಸಿ, ತಮ್ಮ ಕಡೆಯವರ ಹೆಸರು ಕೊಡಲು ಪ್ರೆಸ್ಸಿಗೆ ಬಂದಿದ್ದ. ಮದುವೆ ಗೊತ್ತಾದ ಮೇಲೆ ಇಬ್ಬರೂ ಫೋನಿನಲ್ಲಿ ಹತ್ತಾರು ಸಲ ಮಾತಾಡಿದ್ದರು. ಮಾತಾಡಿದ್ದು ಅವನು; ಅವಳು ಹೂಂ ಅಂದಿದ್ದಳು.

"ಆತು, ಊಟ ಆತು. ನಿಮ್ದು?… ಇಲ್ಲ, ಸರ್ ಅನ್ನಲ್ಲ. ಬಾಯಿಗೆ ಬಂದ್ಬಿಡ್ತೈತೆ."

"…ಹೂಂ, ನಾನೇ ಹೇಳ್ದೆ ತೆಗೀರಿ ಅಂತ… ನಾಚ್ಕೆ ಅಲ್ಲ್ರಿ. ದೊಡ್ಡಸ್ತಿಕೆ ಬ್ಯಾಡ ಅಂತಾನೂ ಅಲ್ಲ… ಹಂಗೇನಿಲ್ಲ, ನಿಮ್ದು ಜಾಸ್ತಿ ನಂದು ಕಮ್ಮಿ ಅಂತ ಅಲ್ಲ."

ಇಲ್ಲಿ ಹೂಂ ಅಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ಹೌದು ನಾಚಿಕೆ, ಇರಲಿ ಬಿಡಿ, ಹಾಕಿಸಿ. ಅಷ್ಟು ಹೇಳಲು ಅವಳ ಬಾಯಿ ತಯಾರಾಗಿಯೇ ಇತ್ತು. ಆದರೆ ಬೆಳಿಗ್ಗೆ ನೋಟೀಸ್ ಬೋರ್ಡಿನ ಮೇಲೆ ಪರೀಕ್ಷೆಯ ಟೈಮ್‌ಟೇಬಲ್ ಹಚ್ಚಿದ್ದರು. ಅದನ್ನು ನೋಡಿಕೊಂಡು ಬಂದೇ ಅವಳು ಈ ಮೆಟ್ಟಿಲ ಮೇಲೆ ಕೂತದ್ದು.

"ನಾನು ಬಿ.ಎಸ್ಸಿ. ಆಗಿಲ್ಲ್ರಿ."

"…ಹಾಂ. ಆಗಿಲ್ಲ. ಪಾಸಾಗಿಲ್ಲ… ಅರ್ಧಕ್ಕೆ ಬಿಟ್ಟಿಲ್ಲ, ಎಲ್ಲ ಮುಗೀತು. ಒಂದು ಪೇಪರ್ ಉಳಿದೈತೆ. ಕ್ಯಾಲ್ಕುಲಸ್… ಲಾಸ್ಟ್ ಸೆಮ್‌ದಲ್ಲ, ಮೊದಲ್ನೇದು. ಮೊಟ್ಟಮೊದಲ್ನೇದು."

"…ಎಷ್ಟು ಸಲ ಅಂದ್ರೆ… ಎಣಿಸೋದು ಬಿಟ್ಟೀನಿ."

"ಹಲೋ?… ಅದೀರಾ?"

ಇದ್ದ. ಅವನ ಹಿಂದೆ ಅಚ್ಚಿನ ಮೆಷಿನ್ನಿನ ಟಕಟಕ ಕೇಳುತ್ತಿತ್ತು, ಯಾರೋ ಯಾರಿಗೋ ಕಾಗದ ತರಲು ಹೇಳುತ್ತಿದ್ದರು. ರಕ್ಷಾ ಕಾಯ್ದಳು. ಭಯವಾಗಬೇಕಿತ್ತು, ಆಗಲಿಲ್ಲ. ಒಳಗೆ ಏನಾದರೂ ಅಲ್ಲಾಡುತ್ತದೋ ಎಂದು ನೋಡಿಕೊಂಡಳು; ಏನೂ ಇಲ್ಲ. ಅಳುವಾದರೂ ಬಂದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

"…ಹೂಂ, ಆ ಫೋಟೋ ನಿಮ್ ಮುಂದೆ ಐತಲ್ಲ, ಅಂಕಲ್ ಹೇಳಿದ್ರು. ಅದನ್ನ ನೋಡಬ್ಯಾಡ್ರಿ. ಅದು… ಆಮೇಲೆ ಹೇಳ್ತೀನಿ. ಅಪ್ಪಂಗೆ ಮೊದ್ಲು ಹೇಳ್ಬೇಕು."

"…ಇಲ್ಲ, ಅಪ್ಪಂಗೆ ಗೊತ್ತಿಲ್ಲ. ಅಮ್ಮಂಗೂ ಇಲ್ಲ… ಯಾರಿಗೆ ಗೊತ್ತು ಅಂದ್ರೆ, ನಮ್ ಪ್ರಮೀಳಾ ಮೇಡಂಗೆ. ಕ್ಲಾಸಿನಾಗಿರೋ ಹುಡುಗರಿಗೆ. ಈಗ ನಿಮಗೆ… ಅಂಕಲ್‌ಗೂ ಗೊತ್ತಾಗಿರ್ಬೇಕು, ನೀವು ಅಲ್ಲೇ ನಿಂತು ಮಾತಾಡ್ತಿದೀರಲ್ಲ."

"…ನೋಡಾಕೆ ಬಂದಾಗ ಯಾಕೆ ಹೇಳ್ಲಿಲ್ಲ ಅಂದ್ರೆ… ನೀವು ಕೇಳ್ಲಿಲ್ಲ. ಓದೋದಂದ್ರೆ ಇಷ್ಟನಾ ಅಂತ ಕೇಳಿದ್ರಿ, ಹೂಂ ಅಂದೆ. ಪಾಸಾಗೀರಾ ಅಂತ ಯಾರೂ ಕೇಳ್ಲಿಲ್ಲ. ಎಲ್ಲರೂ ಗ್ವಾಡಿ ನೋಡಿದ್ರಿ."

"…ಸರಿ, ಒಪ್ಕಂತೀನಿ. ಕೇಳ್ದಿದ್ರೂ ಹೇಳ್ಬೇಕಿತ್ತು. ಅದು ನಿಮ್ ತಪ್ಪಲ್ಲ, ನಂದೇ."

ಮತ್ತೆ ಕುಂಯ್ ಕುಂಯ್. ಅಪ್ಪ. ಅವಳು ಪರದೆಯನ್ನು ನೋಡಿದಳು, ಮತ್ತೆ ಕಿವಿಗಿಟ್ಟುಕೊಂಡಳು. ಕೋಣೆಯ ಒಳಗೆ ಮಕ್ಕಳು ಬೆಂಚು ಎಳೆಯುತ್ತಿದ್ದರು.

"…ಏನಂದ್ರಿ?… ಇರ್ಲಿ ಅಂತೀರಾ? ಕಾರ್ಡಿನಾಗೆ ಹಂಗೇ ಇರ್ಲಿ ಅಂತಾ… ಹಾಂ, ಯಾರೂ ಕೇಳಲ್ಲ, ನಿಜ. ಮಾರ್ಕ್ಸ್ ಕಾರ್ಡ್ ತೋರ್ಸು ಅಂತ ಮದುವಿ ಮನೆಯಾಗೆ ಯಾರು ಕೇಳ್ತಾರೆ… ಆಮೇಲೆ ಪಾಸ್ ಮಾಡ್ಕಂಡ್ರೆ ಆತು. ಹೂಂ. ಅದೂ ಸರೀನೇ."

ಎಂಥ ಸುಲಭದ ದಾರಿ. ಭೀಮೇಶ ಕೆಟ್ಟವನಲ್ಲ, ಒಡೆದ ಪೈಪನ್ನು ಮುಚ್ಚಿ ನೀರು ನಿಲ್ಲಿಸಬೇಕೆಂದು ಯಾರಿಗಾದರೂ ಅನಿಸುವ ಹಾಗೆ ಅವನಿಗೂ ಅನಿಸಿತ್ತು. ಕಾರ್ಡು ಅಚ್ಚಾಗುತ್ತದೆ, ಮನೆಮನೆಗೆ ಹೋಗುತ್ತದೆ, ಮದುವೆ ಮುಗಿದ ವಾರಕ್ಕೆ ಹಳೇ ಪೇಪರಿನ ಜೊತೆ ಹಳೇ ಪೇಪರಾಗುತ್ತದೆ. ಆದರೆ ಧರ್ಮಪ್ಪ ಒಂದನ್ನು ತೆಗೆದಿಡುತ್ತಾನೆ. ಆ ಫೋಟೋದ ಪಕ್ಕದಲ್ಲೇ ಅದಕ್ಕೂ ಒಂದು ಮೊಳೆ ಹೊಡೆಯುತ್ತಾನೆ. ಗೋಡೆಯ ಮೇಲೆ ಒಂದಿದ್ದ ಸುಳ್ಳು ಎರಡಾಗುತ್ತದೆ. ರಕ್ಷಾಗೆ ಆ ಗೋಡೆ ಕಣ್ಣಿಗೆ ಕಟ್ಟಿದಂತೆ ಕಂಡಿತು, ಬಾಬಾಸಾಹೇಬರ ಕನ್ನಡಕವೂ ಸೇರಿ.

"ಬ್ಯಾಡ್ರಿ."

"…ಇಲ್ಲ. ಬ್ಯಾಡ. ತೆಗಿಸ್ರಿ… ಗೊತ್ತೈತೆ ನನಗೆ. ನಿಮ್ಮಮ್ಮ ಗೋವಿನಕೋವಿಯಾಗೆ ಎಲ್ಲರಿಗೂ ಹೇಳ್ಯಾರೆ, ಸೊಸಿ ಬಿ.ಎಸ್ಸಿ. ಅಂತ. ಬಾಯಾಗೆ ಹೇಳಿದ್ದು ಬ್ಯಾರೆ ರೀ, ಅಚ್ಚು ಹಾಕಿದ್ದು ಬ್ಯಾರೆ. ನಮ್ಮಪ್ಪ ಅದನ್ನ ಗ್ವಾಡಿಗೆ ಹಾಕ್ತಾರೆ. ನಾನು ಬಂದಾಗೆಲ್ಲ ನೋಡ್ಬೇಕು."

"…ಮದುವಿ ಬ್ಯಾಡ ಅನ್ನಂಗಿದ್ರೆ ಈಗ್ಲೇ ಅಂದ್ಬಿಡ್ರಿ. ಕಾರ್ಡು ಇನ್ನೂ ಅಚ್ಚಾಗಿಲ್ಲ, ಯಾರ ಮನೀಗೂ ಹೋಗಿಲ್ಲ. ನನಗೆ ಬೇಜಾರಾಗಲ್ಲ… ಆಗ್ತೈತೆ. ಆದ್ರೂ ಅನ್ರಿ."

ಆಗ್ತೈತೆ ಎಂಬ ಮಾತು ಬಾಯಿಂದ ಬಂದದ್ದು ಕೇಳಿ ಅವಳಿಗೇ ಸೋಜಿಗವಾಯಿತು. ಬೇಜಾರಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಈ ಮನುಷ್ಯ ವಾರಕ್ಕೆರಡು ಸಲ ಫೋನು ಮಾಡಿ ತನ್ನ ಶಾಲೆಯ ಬಾವಿಯಲ್ಲಿ ನೀರು ಬಂದದ್ದು, ಹುಡುಗರು ಪ್ರಬಂಧದಲ್ಲಿ ಬರೆದದ್ದು ಎಲ್ಲ ಹೇಳುತ್ತಿದ್ದ. ಅವಳು ಹೂಂಗುಟ್ಟುತ್ತಿದ್ದಳು. ಹೂಂಗುಟ್ಟುತ್ತಲೇ ಅದೆಲ್ಲ ಒಳಗೆ ಹೋಗಿ ಕೂತಿತ್ತು ಅಂತ ಕಾಣುತ್ತದೆ.

"…ಹಲೋ?"

"…ಸಿಟ್ಟು ಬಂದೈತಾ?… ಬಂದೈತೆ ಅಂತೀರಾ. ಸರಿ. ಬರ್ಬೇಕಾದ್ದೇ… ಎಷ್ಟು ದಿನ ಇರ್ತೈತೋ ಗೊತ್ತಿಲ್ವಾ. ಹೂಂ. ಇರ್ಲಿ… ಇಲ್ಲ, ಅಳ್ತಾ ಇಲ್ಲ. ಅಳು ಬರ್ತಿಲ್ಲ ನನಗೆ, ಅದೇ ಆಗಿರೋದು."

"…ಹಾಂ? ಈಗ ತಿಳೀತೈತಾ ಅಂತಾ?… ತಿಳೀತೈತೆ. ಈ ಸಲ ಖರೇನೇ ತಿಳೀತೈತೆ. ಮೇಡಂ ಮೊದ್ಲಿಂದ ಹೇಳ್ಕೊಡ್ತಿದಾರೆ, ನಾನೂ ಕೇಳ್ತೀನಿ, ತಿಳೀಲಿಲ್ಲ ಅಂದ್ರೆ ಕೈ ಎತ್ತುತ್ತೀನಿ. ಹುಡುಗರು ನನ್ನ ಹತ್ರ ಬಂದು ಹೇಳಿಸ್ಕಂತಾರೆ. ನೆನ್ನೆ ಒಬ್ಬಾಕೆಗೆ ಬೋರ್ಡಿನ ಮ್ಯಾಲೆ ಮಾಡಿ ತೋರಿಸ್ದೆ… ಪಾಸಾಗ್ತೀನಿ ಅಂತ ಹೇಳಲ್ಲ. ನನಗೆ ನಾನೇ ಹೇಳಿ ಹೇಳಿ ಸಾಕಾಗೈತೆ. ತಿಳೀತೈತೆ, ಅಷ್ಟೇ."

"…ಯಾವತ್ತಾ? ಪರೀಕ್ಷೆನಾ?"

ಇದೊಂದು ಉಳಿದಿತ್ತು. ಕರೆ ಬಂದಾಗಿನಿಂದ ಅವಳು ತಡೆದುಕೊಂಡು ಕೂತದ್ದು ಇದಕ್ಕೇ.

"ಸೋಮವಾರ… ಬರೋ ಸೋಮವಾರ ಅಲ್ಲ್ರಿ. ಮದುವಿ ಆದಿತ್ವಾರ ಐತಲ್ಲ, ಅದರ ಮರುದಿನ. ಬೆಳಿಗ್ಗೆ ಹತ್ತಕ್ಕೆ, ಇಲ್ಲೇ ಚನ್ನಗಿರಿಯಾಗೆ. ಇವತ್ತೇ ಟೈಮ್‌ಟೇಬಲ್ ಹಚ್ಚಿದ್ರು."

"…ಹೂಂ. ಅವತ್ತೇ ನಿಮ್ಮೂರಾಗೆ ಬೀಗರ ಊಟ. ಗೊತ್ತು."

"…ಗೊತ್ತು ರೀ. ಹೊಸ ಸೊಸಿ ಬೀಗರ ಊಟದ ದಿನ ಮನೆಯಾಗಿಲ್ಲ ಅಂದ್ರೆ ಹೆಂಗೆ. ಜನ ಬಂದಿರ್ತಾರೆ, ಕೇಳ್ತಾರೆ… ಅದಕ್ಕೇ ಹೇಳ್ಬೇಕೋ ಬ್ಯಾಡ್ವೋ ಅಂತ ಇಲ್ಲಿ ಮೆಟ್ಟಿಲ ಮ್ಯಾಲೆ ಕುಂತಿದ್ದೆ. ಅಷ್ಟ್ರಾಗೆ ಪ್ರೆಸ್ಸಿನ ಅಂಕಲ್ ಫೋನ್ ಬಂತು."

ಮೆಷಿನ್ನಿನ ಸದ್ದು ನಿಂತಿತು. ಬಹುಶಃ ಮಹೇಶ್ವರಪ್ಪನೇ ನಿಲ್ಲಿಸಿರಬೇಕು, ಆ ಮನುಷ್ಯನಿಗೂ ಇನ್ನೊಂದು ಕಡೆ ಏನಾಗುತ್ತದೆ ಎಂಬ ಕುತೂಹಲ ಇಲ್ಲದಿರುತ್ತದೆಯೇ. ರಕ್ಷಾ ಲಂಗದ ಅಂಚಿನ ಒಂದು ದಾರವನ್ನು ಬೆರಳಿಗೆ ಸುತ್ತಿಕೊಂಡಳು, ಬಿಚ್ಚಿದಳು.

"…ಎಲ್ಲಿಂದಾ?… ನ್ಯಾಮತಿಯಿಂದ ಮೊದ್ಲು ಹೊನ್ನಾಳಿಗಾ. ಹೊನ್ನಾಳಿಯಾಗೆ ಚನ್ನಗಿರಿ ಬಸ್ಸು ಎಷ್ಟೊತ್ತಿಗೈತೆ?… ಅಷ್ಟು ಬೇಗ ಎದ್ದು ಹೊಂಡಾಕಾಗ್ತೈತಾ ನಿಮಗೆ?… ಇಲ್ಲ, ನನಗಾಗ್ತೈತೆ. ನಿಮಗೆ ಅಂದೆ. ನೀವ್ಯಾಕೆ, ನಾನೊಬ್ಳೇ ಹೋಗಿ ಬರ್ತೀನಿ… ಸರಿ, ಬರ್ರಿ. ಸಿಟ್ಟಿದ್ರೂ ಬರ್ತೀರಾ… ಹೂಂ. ಬಸ್ಸಿನಾಗೆ ಮಾತಾಡಲ್ವಾ. ಬ್ಯಾಡ, ಮಾತಾಡಬ್ಯಾಡ್ರಿ. ನಾನೂ ಓದ್ಕಬೇಕಿರ್ತೈತೆ."

"…ಊಟ ಮಧ್ಯಾಹ್ನ ಮೂರಕ್ಕೆ ಇಟ್ಕಂಡ್ರೆ… ನಿಮ್ಮಮ್ಮಂಗೆ ನೀವು ಹೇಳ್ತೀರಾ?… ಬ್ಯಾಡ್ರಿ, ನಾನೇ ಹೇಳ್ತೀನಿ ಅವ್ರಿಗೂ. ಒಂದು ಸಲ ಹೇಳಾಕೆ ಶುರು ಮಾಡೀನಿ, ಎಲ್ಲರಿಗೂ ಹೇಳಿ ಮುಗಿಸ್ತೀನಿ."

"…ಮೆಹೆಂದಿ ಇದ್ರೇನ್ರಿ, ಪೆನ್ ಹಿಡಿಯಾಕೆ ಬರ್ತೈತೆ."

ಅವಳು ನಕ್ಕಳೆಂದು ಹೇಳಲಾಗುವುದಿಲ್ಲ. ಆದರೆ ಕೂತಲ್ಲಿಯೇ ಸ್ವಲ್ಪ ಸರಿದು ಮಡಚಿದ ಕಾಲನ್ನು ಮುಂದಕ್ಕೆ ಚಾಚಿದಳು. ಕಾಲಿಗೆ ಜೋಮು ಹಿಡಿದುಬಿಟ್ಟಿತ್ತು, ಪಾದ ತನ್ನದಲ್ಲ ಅನ್ನುವಷ್ಟು.

"…ಹಾಂ, ಅಂಕಲ್‌ಗೆ ಕೊಡ್ರಿ. ಹೇಳ್ರಿ ನೀವೇ, ತೆಗೀರಿ ಅಂತ… ನನ್ ಬಾಯಿಂದ್ಲೇ ಬರ್ಬೇಕಾ? ಕೊಡ್ರಿ."

"ಅಂಕಲ್, ತೆಗೀರಿ. ಅವ್ರೂ ಒಪ್ಪ್ಯಾರೆ… ಎಲ್ಲ ಕೇಳಿಸ್ಕಂಡ್ರಾ. ಇರ್ಲಿ ಬಿಡ್ರಿ, ಯಾವತ್ತಾದ್ರೂ ಕೇಳ್ಬೇಕಾದ್ದೇ… ಅವ್ರದ್ದು ಇರ್ಲಿ. ಎಂ.ಎ., ಬಿ.ಎಡ್. ಇರ್ಲಿ, ಅವ್ರು ಓದಿ ಪಾಸಾದೋರು. ನಂದು ಮಾತ್ರ ತೆಗೀರಿ."

"…ಹೆಂಗ್ ಕಾಣ್ತೈತೆ ಅಂದ್ರಿ?… ಒಂದು ಕಡೀಗೆ ವಾಲ್ದಂಗಾ… ಹಾಂ, ಬಿ.ಎಸ್ಸಿ. ಇದ್ದ ಜಾಗ ಖಾಲಿ ಬಿದ್ರೆ ಹಂಗೇ ಕಾಣ್ತೈತೆ… ಜಾಗ ಬಿಡ್ತೀರಾ? ಯಾಕೆ?… ಮುಂದೆ ಪಾಸಾದ್ರೆ ಪೆನ್ನಿನಾಗೆ ಬರ್ಕಣಾಕಾ."

ಮಹೇಶ್ವರಪ್ಪ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬೇಕು. ಎಷ್ಟೋ ಮದುವೆ ಕಾರ್ಡು ಅಚ್ಚು ಹಾಕಿದ ಕೈ, ಖಾಲಿ ಜಾಗ ಅವನಿಗೆ ಸಂಕಟ.

"ಬ್ಯಾಡ್ರಿ ಅಂಕಲ್. ಜಾಗ ಬಿಡಬ್ಯಾಡ್ರಿ. ಹೆಸರು ನಡುವಿಗೆ ತಗಂಬರ್ರಿ… ಹಾಂ, ನಟ್ಟನಡುವಿಗೆ. ರಕ್ಷಾ ಅಂತ. ಬೇಕಾದ್ರೆ ಅಕ್ಷರ ಒಂಚೂರು ದೊಡ್ಡದು ಮಾಡ್ರಿ."

"…ಆ ಫೋಟೋನಾ? ಫ್ಲೆಕ್ಸಿಗೆ ಬ್ಯಾಡ. ನಾನು ಬ್ಯಾರೆ ಕಳಿಸ್ತೀನಿ, ಸೀರೆ ಉಟ್ಟಿರೋದು. ಅದನ್ನ ಹುಷಾರಾಗಿ ಇಟ್ಟಿರ್ರಿ, ಕಟ್ಟು ಒಡೀಬಾರ್ದು. ಅಪ್ಪ ಬಂದು ತಗಂಡು ಹೋಗ್ತಾರೆ. ಗ್ವಾಡಿಗೆ ಹಾಕ್ತಾರೋ ಇಲ್ವೋ ಅವ್ರಿಷ್ಟ."

"…ಅಪ್ಪ ಕೇಳಿದ್ರೆ ಏನ್ ಹೇಳ್ಬೇಕು ಅಂದ್ರೆ… ನೀವೇನೂ ಹೇಳಬ್ಯಾಡ್ರಿ. ನಾನೇ… ಹಲೋ? ಅಂಕಲ್?… ಹಲೋ?"

ಕಡಿದುಹೋಯಿತು. ಜಗಳೂರಿನ ಕಡೆಯದೋ ಚನ್ನಗಿರಿಯ ಕಡೆಯದೋ, ಯಾವುದೋ ಒಂದು ಟವರು ಕೈಬಿಟ್ಟಿತ್ತು. ರಕ್ಷಾ ಎದ್ದು ನಿಲ್ಲಲು ನೋಡಿದಳು. ಪಾದ ನೆಲಕ್ಕೆ ತಾಗಿದ್ದೇ ಸಾವಿರ ಸೂಜಿ ಚುಚ್ಚಿದ ಹಾಗಾಯಿತು, ಕಂಬ ಹಿಡಿದುಕೊಂಡಳು. ಜೋಮು ಬಿಡುವಾಗಲೇ ನೋವು. ಕಣ್ಣಲ್ಲಿ ನೀರು ಬಂದದ್ದು ಕಾಲಿಗೋ ಇನ್ಯಾವುದಕ್ಕೋ, ಅವಳಿಗೂ ಗೊತ್ತಾಗಲಿಲ್ಲ. ಒಳಗೆ ಪ್ರಮೀಳಾ ಮೇಡಂ ಹಾಜರಿ ಕೂಗುವುದು ಕೇಳುತ್ತಿತ್ತು. ಕೈಯಲ್ಲಿದ್ದ ಫೋನು ಮತ್ತೆ ಬಡಿದುಕೊಂಡಿತು.

"ಹಲೋ, ಅಪ್ಪ… ಹಾಂ, ಬೀಪ್ ಬರ್ತಿತ್ತು. ಪ್ರೆಸ್ಸಿನವ್ರ ಹತ್ರ ಮಾತಾಡ್ತಿದ್ದೆ… ಹೂಂ, ಓದಿ ಹೇಳಿದ್ರು. ಬುದ್ಧಂದು ಹಾಕ್ತಾರೆ… ಊಟ ಆತು. ನೀನು ಎಲ್ಲಿ ಅದೀಯಪ್ಪ? ಟ್ಯಾಂಕಿನ ಹತ್ರನಾ?… ಒಂದೀಟು ಕುಂತ್ಕ. ನೆಳ್ಳಿಗೆ ಕುಂತ್ಕ."

"…ಏನೂ ಆಗಿಲ್ಲ. ಹೇಳ್ತೀನಿ, ಕೇಳು… ಆ ಫೋಟೋ ಐತಲ್ಲಪ್ಪ. ಪ್ರೆಸ್ಸಿಗೆ ಕೊಟ್ಯಲ್ಲ… ಹಾಂ, ಅದೇ, ಕರೀ ಗೌನಿಂದು."

"…ಅದು ಬಾಡಿಗೀದಪ್ಪ."

"ಅವತ್ತು ಎಲ್ಲರೂ ಹಾಕ್ಕಂಡಿದ್ರು. ನಾನೂ ಹಾಕ್ಕಂಡೆ. ಸಾಯಂಕಾಲ ವಾಪಸ್ ಕೊಟ್ವಿ. ನಾನು ಇನ್ನೂ ಪಾಸಾಗಿಲ್ಲ… ಅಪ್ಪ?"

"…ಅಪ್ಪ? ಕೇಳಿಸ್ತಾ?… ಹಲೋ?… ಹಲೋ?"

ಲೈನು ಕಡಿದಿತ್ತು. ಕೇಳಿಸಿ ಕಡಿಯಿತೋ, ಕೇಳಿಸುವ ಮುಂಚೆಯೇ ಕಡಿಯಿತೋ, ಅಥವಾ ಅಪ್ಪನೇ ಕಡಿದನೋ. ಹಿಂದೆಲ್ಲ ಹೀಗಾದಾಗ ರಕ್ಷಾ ಫೋನನ್ನು ಚೀಲಕ್ಕೆ ಹಾಕಿ ಸುಮ್ಮನಾಗುತ್ತಿದ್ದಳು. ಒಳಗೆ ಮೇಡಂ ಅವಳ ಹೆಸರನ್ನು ಎಲ್ಲರ ಹೆಸರಿನ ಕೊನೆಗೆ ಕೂಗಿದರು. ಅವಳು ಬಾಗಿಲಿನ ಕಡೆಗೆ ಒಂದು ಕೈ ಎತ್ತಿ ತೋರಿಸಿ, ಇನ್ನೊಂದು ಕೈಯಿಂದ ತಿರುಗಿ ಅಪ್ಪನ ನಂಬರು ಒತ್ತಿದಳು.